ಒಗರಿಗೆ ಒಂದು ಜೊತೆ ಬೇಕು: ಮದಿರಾನ್ ವೈನ್ ಸವಿಯುವ ಬಗೆ

ಬಾಟಲಿಯ ಮೇಲೆ ‘ಮದಿರಾನ್’ ಅಂತ ಬರೆದಿತ್ತು. ಓದಿದ ಕೂಡಲೇ ನಗು ಬಂತು. ಮದಿರೆಗೆ ಮದಿರಾನ್ ಅಂತಲೇ ಹೆಸರು! ನಮ್ಮ ಮದಿರೆಗೂ ಅದಕ್ಕೂ ನಂಟಿಲ್ಲ, ಅದು ಫ್ರಾನ್ಸಿನ ನೈಋತ್ಯ ಮೂಲೆಯ ಒಂದು ಹಳ್ಳಿ. ಏರ್‌ಬಸ್ ಕೆಲಸದ ಮೇಲೆ ಬೆಂಗಳೂರಿಗೂ ಟುಲೂಸ್‌ಗೂ ಓಡಾಡುವ ಗೆಳೆಯನೊಬ್ಬ ತಂದಿದ್ದ. ಏಪ್ರಿಲ್ ತಿಂಗಳು, ಫ್ಯಾನ್ ಹಾಕಿದರೂ ಸೆಕೆ. ಕಾರ್ಕ್ ತೆಗೆದು ನೇರವಾಗಿ ಲೋಟಕ್ಕೆ ಬಗ್ಗಿಸಿದೆವು. ನೆಂಚಿಕೊಳ್ಳಲು ಕಾಂಗ್ರೆಸ್ ಕಡ್ಲೆಕಾಯಿ.

ಮೊದಲ ಗುಟುಕಿಗೇ ನಾಲಿಗೆ ದೊರಗಾಯಿತು. ಎಳೆ ಬಾಳೆಕಾಯಿಯನ್ನು ಹಸಿಯಾಗಿ ಕಚ್ಚಿದ ಹಾಗೆ. ಕೆನ್ನೆಯ ಒಳಗೆಲ್ಲಾ ಒಣಗಿ ಹಲ್ಲಿಗೆ ಅಂಟಿಕೊಂಡಿತು. ಕಡ್ಲೆಕಾಯಿಯ ಖಾರ ಜೊತೆ ಸೇರಿ ಗಂಟಲಲ್ಲಿ ಉರಿ. ಇದನ್ನ ಅಷ್ಟು ದೂರದಿಂದ ಹೊತ್ತು ತಂದೆಯಾ ಅಂತ ಅವನನ್ನು ರೇಗಿಸಿದೆವು. ಅರ್ಧ ಬಾಟಲಿ ಹಾಗೇ ಉಳಿಯಿತು. ಕಾರ್ಕ್ ಒತ್ತಿ ಫ್ರಿಜ್ಜಿಗೆ ತಳ್ಳಿದೆ.

ಮಾರನೇ ದಿನ ರಾತ್ರಿ ಮನೆಯಲ್ಲಿ ಮಟನ್ ಇತ್ತು. ಮೂಳೆಯ ತುಂಡುಗಳು, ಕೊಬ್ಬು ಜಾಸ್ತಿ, ಮೆಣಸು ಹಾಕಿ ಹುರಿದದ್ದು. ಸುಮ್ನೆ ನೋಡೋಣ ಅಂತ ಅದೇ ಬಾಟಲಿ ತೆಗೆದೆ. ಅದೇ ವೈನಾ ಇದು ಅನಿಸಿತು. ಒಗರು ಇತ್ತು, ಆದರೆ ಜಗಳವಾಡುತ್ತಿರಲಿಲ್ಲ. ಬಾಯಿಯ ಜಿಡ್ಡನ್ನು ಒರೆಸಿ, ಮುಂದಿನ ತುತ್ತಿಗೆ ಜಾಗ ಮಾಡಿಕೊಡುತ್ತಿತ್ತು.

ಒಂದೇ ಬಾಟಲಿ ಎರಡು ದಿನದಲ್ಲಿ ಇಷ್ಟು ಬದಲಾಗಿದ್ದು ಹೇಗೆ? ಉತ್ತರ ಒಗರಿನಲ್ಲಿದೆ. ಗಟ್ಟಿ ಕೆಂಪು ವೈನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನ್ನ ಮಟ್ಟಿಗೆ ಒಗರು ಅರ್ಥವಾದರೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಆ ವಿಷಯದಲ್ಲಿ ಕನ್ನಡದವರು ಒಂದು ಹೆಜ್ಜೆ ಮುಂದೆಯೇ ಇದ್ದೇವೆ. ಆರು ರುಚಿಗಳನ್ನು ಎಣಿಸುವಾಗ ನಾವು ಒಗರನ್ನೂ ಸೇರಿಸಿಕೊಳ್ಳುತ್ತೇವೆ. ಯುರೋಪಿನವರ ರುಚಿಯ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೊದಲು ಊರಿನ ವಿಚಾರ. ಪಿರನೀಸ್ ಬೆಟ್ಟಗಳ ಉತ್ತರಕ್ಕೆ, ಅಡೂರ್ ನದಿಯ ಬಯಲಿನ ಪಕ್ಕದ ದಿಣ್ಣೆಗಳಲ್ಲಿ ಮದಿರಾನ್ ತೋಟಗಳಿವೆ. ಮೂರು ಜಿಲ್ಲೆಗಳು ಕೂಡುವ ಜಾಗ ಅದು. ಪಶ್ಚಿಮದಿಂದ ಅಟ್ಲಾಂಟಿಕ್ ಸಮುದ್ರದ ಮಳೆ ಬರುತ್ತದೆ. ಶರತ್ಕಾಲದಲ್ಲಿ ದಕ್ಷಿಣದ ಬೆಟ್ಟ ಇಳಿದು ಒಣ ಬಿಸಿಗಾಳಿ ಬೀಸುತ್ತದೆ. ತಡವಾಗಿ ಮಾಗುವ ದ್ರಾಕ್ಷಿಗೆ ಆ ಗಾಳಿಯೇ ಆಸರೆ. ಹಿಂದೆ ಸ್ಪೇನಿನ ಸಾಂತಿಯಾಗೋ ಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಕರು ಈ ದಾರಿಯಲ್ಲಿ ಹಾಯುತ್ತಿದ್ದರು, ವೈನಿನ ಸುದ್ದಿ ಅವರ ಬಾಯಿಂದ ಹಬ್ಬಿತು ಅನ್ನುತ್ತಾರೆ. ‘ಮದಿರಾನ್’ ಅನ್ನುವ ಹೆಸರಿಗೆ ಫ್ರೆಂಚ್ ಕಾನೂನಿನ ರಕ್ಷಣೆ ಸಿಕ್ಕಿದ್ದು 1948ರಲ್ಲಿ. ಫ್ರಾನ್ಸಿನ ಹೆಸರಾಂತ ವೈನ್ ಸೀಮೆ ಬೋರ್ಡೋ ಲಕ್ಷ ಹೆಕ್ಟೇರ್‌ಗೆ ಹತ್ತಿರ. ಮದಿರಾನ್ ಸಾವಿರ ಹೆಕ್ಟೇರ್‌ಗಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೇ.

ಇಲ್ಲಿನ ಮುಖ್ಯ ತಳಿಯ ಹೆಸರು ತನಾ. ಬರೆಯುವಾಗ ಕೊನೆಗೆ ‘ಟ್’ ಇದೆ, ಫ್ರೆಂಚರು ಅದನ್ನು ನುಂಗುತ್ತಾರೆ. ಕಪ್ಪಗಿನ, ದಪ್ಪ ಸಿಪ್ಪೆಯ, ಬೀಜ ಜಾಸ್ತಿ ಇರುವ ದ್ರಾಕ್ಷಿ. ಒಗರು ಇರುವುದು ಸಿಪ್ಪೆಯಲ್ಲಿ ಮತ್ತು ಬೀಜದಲ್ಲಿ. ಹಾಗಾಗಿ ಜಗತ್ತಿನ ಅತಿ ಒಗರು ವೈನ್‌ಗಳ ಪಟ್ಟಿಯಲ್ಲಿ ಇದು ಸದಾ ಮೇಲಿರುತ್ತದೆ. ಮದಿರಾನ್ ಅನ್ನಿಸಿಕೊಳ್ಳಬೇಕಾದರೆ ವೈನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತನಾ ಇರಲೇಬೇಕು. ಉಳಿದದ್ದಕ್ಕೆ ಕ್ಯಾಬರ್ನೆ ಫ್ರಾಂಕ್, ಕ್ಯಾಬರ್ನೆ ಸೊವಿನ್ಯೋಂ, ಫೆರ್ ಎಂಬ ಸ್ಥಳೀಯ ತಳಿ. ಕೆಲವರು ನೂರಕ್ಕೆ ನೂರು ತನಾದಲ್ಲೇ ಮಾಡುತ್ತಾರೆ. ಇದೇ ತಳಿ 1870ರ ದಶಕದಲ್ಲಿ ಪಾಸ್ಕ್ವಾಲ್ ಹರಿಯಾಗೆ ಎಂಬ ಬಾಸ್ಕ್ ವಲಸಿಗನ ಕೈಯಲ್ಲಿ ಉರುಗ್ವೆಯಲ್ಲಿ ಬೇರೂರಿತು. ಈಗ ಅಲ್ಲಿ ಅದೇ ದೇಶದ ದ್ರಾಕ್ಷಿ.

ಹಾಗಾದರೆ ಒಗರು ಅಂದರೆ ಏನು? ವಿಜ್ಞಾನದ ಪ್ರಕಾರ ಅದು ರುಚಿಗಿಂತ ಹೆಚ್ಚಾಗಿ ಸ್ಪರ್ಶ. ನಮ್ಮ ಜೊಲ್ಲಿನಲ್ಲಿ ಕೆಲವು ಪ್ರೋಟೀನುಗಳಿವೆ. ಬಾಯಿಯನ್ನು ಜಾರುವಂತೆ ಇಡುವುದು ಅವುಗಳ ಕೆಲಸ, ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಒಗರಿನ ವಸ್ತುವಿಗೆ ಟ್ಯಾನಿನ್ ಅಂತ ಹೆಸರು. ಅದು ಬಾಯಿಗೆ ಬಂದ ಕೂಡಲೇ ಆ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟುತ್ತದೆ. ಎಣ್ಣೆ ಹೋದ ಕೀಲು ಕಿರ್ ಅನ್ನುತ್ತದಲ್ಲ, ಬಾಯಿಯೂ ಹಾಗೆಯೇ. ನಾಲಿಗೆ ಅಂಗುಳಕ್ಕೆ ಉಜ್ಜುತ್ತದೆ, ಒಣಗಿದ ಹಾಗೆ ಅನಿಸುತ್ತದೆ. ಚರ್ಮ ಹದ ಮಾಡುವುದೂ ಇದೇ ಟ್ಯಾನಿನ್. ಯುರೋಪಿನಲ್ಲಿ ಅದಕ್ಕೆ ಓಕ್ ಮರದ ತೊಗಟೆ ಬಳಸುತ್ತಿದ್ದರು, ನಮ್ಮ ಕಡೆ ತಂಗಡಿ ತೊಗಟೆ, ಅಳಲೆಕಾಯಿ. ಹಸಿ ಚರ್ಮದ ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುವ ವಸ್ತು ನಮ್ಮ ಬಾಯಿಯನ್ನೂ ಒಂದಿಷ್ಟು ಹದ ಮಾಡಲು ನೋಡುತ್ತದೆ ಅಂದುಕೊಳ್ಳಿ. ಮಲೆನಾಡಿನವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಅಡಿಕೆ ಬೇಯಿಸಿದ ಚೊಗರನ್ನು ನೋಡಿದವರು ಟ್ಯಾನಿನ್ ಅನ್ನು ಹಂಡೆಗಟ್ಟಲೆ ನೋಡಿದ್ದಾರೆ.

ಈಗ ಅಡುಗೆಮನೆಗೆ ಬನ್ನಿ. ಬಾಳೆ ಹೂವನ್ನು ಹೆಚ್ಚಿ ಎಲ್ಲಿಗೆ ಹಾಕುತ್ತೇವೆ? ಮಜ್ಜಿಗೆಗೆ. ಕಪ್ಪಾಗದಿರಲಿ ಅಂತಲೂ ಹೌದು, ಒಗರು ಬಿಡಲಿ ಅಂತಲೂ ಹೌದು. ಟ್ಯಾನಿನ್‌ಗೆ ಜೊಲ್ಲಿನ ಪ್ರೋಟೀನೇ ಬೇಕು ಅಂತೇನಿಲ್ಲ, ಹಾಲು ಮಜ್ಜಿಗೆಯ ಕೇಸಿನ್ ಸಿಕ್ಕರೂ ಅಂಟಿಕೊಳ್ಳುತ್ತದೆ. ಡಿಕಾಕ್ಷನ್ನಿನಂಥ ಕಡು ಚಹಾಕ್ಕೆ ಹಾಲು ಬಿದ್ದ ತಕ್ಷಣ ನುಣುಪಾಗುವುದು ಇದೇ ಕಾರಣಕ್ಕೆ. ದಾಳಿಂಬೆ ಸಿಪ್ಪೆಯಂಥ ಕಡು ಒಗರಿನ ಪದಾರ್ಥವನ್ನು ತುಪ್ಪದಲ್ಲಿ ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿ ತಂಬುಳಿ ಮಾಡುತ್ತಾರಲ್ಲ, ಅಲ್ಲಿ ಜಿಡ್ಡೂ ಇದೆ, ಪ್ರೋಟೀನೂ ಇದೆ. ಒಗರಿಗೆ ಜೊತೆ ಹುಡುಕುವ ಈ ಬುದ್ಧಿ ತಂಬುಳಿ ಕಂಡುಹಿಡಿದ ಅಜ್ಜಿಗೂ ಇತ್ತು, ಮದಿರಾನ್ ಜೊತೆ ಬಾತುಕೋಳಿ ಬಡಿಸುವ ಗ್ಯಾಸ್ಕನಿಯ (ಮದಿರಾನ್ ಇರುವ ಸೀಮೆಯ ಹೆಸರು) ಅಜ್ಜಿಗೂ ಇತ್ತು. ಇಬ್ಬರೂ ರಸಾಯನಶಾಸ್ತ್ರ ಓದಿರಲಿಲ್ಲ.

ಒಗರಿಗೆ ಇನ್ನೊಂದು ಗುಣವಿದೆ. ಸಿಹಿ, ಹುಳಿಗೆ ಬಾಯಿ ಬೇಗ ಒಗ್ಗಿಕೊಳ್ಳುತ್ತದೆ. ಒಗರು ಹಾಗಲ್ಲ, ಗುಟುಕಿನಿಂದ ಗುಟುಕಿಗೆ ಏರುತ್ತಾ ಹೋಗುತ್ತದೆ. ಮೊದಲನೆಯದು ಪರವಾಗಿಲ್ಲ ಅನಿಸಿದ ವೈನ್ ನಾಲ್ಕನೆಯದಕ್ಕೆ ಸಾಕಪ್ಪಾ ಅನಿಸುವುದು ಅದಕ್ಕೇ. ಜಿಡ್ಡು ತಿಂದರೆ ಆ ಏರಿಕೆ ಕೆಳಗಿಳಿಯುತ್ತದೆ. 2012ರಲ್ಲಿ ಅಮೆರಿಕದ ಮೊನೆಲ್ ಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಒಣ ಮಾಂಸದ ತುಂಡು ತಿನ್ನುತ್ತಾ ಮಧ್ಯೆ ಮಧ್ಯೆ ಒಗರು ಪಾನೀಯ ಕುಡಿದವರಿಗೆ ಬಾಯಿಯ ಜಿಡ್ಡು ಬರೀ ನೀರು ಕುಡಿದವರಿಗಿಂತ ಚೆನ್ನಾಗಿ ಕಡಿಮೆಯಾಯಿತು. ಜಿಡ್ಡು ಒಗರನ್ನು ಇಳಿಸುತ್ತದೆ, ಒಗರು ಜಿಡ್ಡನ್ನು ಇಳಿಸುತ್ತದೆ. ತಕ್ಕಡಿಯ ಎರಡು ತಟ್ಟೆ.

ವೈನ್ ಮಾಡುವವರಿಗೂ ಈ ಒಗರು ತಲೆನೋವೇ. ಹಳೆಯ ಪರಿಹಾರ ಒಂದೇ, ಕಾಯುವುದು. ವರ್ಷಗಳು ಕಳೆದ ಹಾಗೆ ಟ್ಯಾನಿನ್ ಕಣಗಳು ಒಂದಕ್ಕೊಂದು ಸರಪಳಿ ಕಟ್ಟಿಕೊಳ್ಳುತ್ತವೆ, ಬಣ್ಣದ ಕಣಗಳ ಜೊತೆಗೂ ಸೇರುತ್ತವೆ. ಕೆಲವು ಕೆಳಗೆ ಮಡ್ಡಿಯಾಗಿ ಕೂರುತ್ತವೆ. ಒಗರು ನುಣುಪಾಗುತ್ತದೆ. ಒಳ್ಳೆ ಮದಿರಾನ್ ಹತ್ತು ಹದಿನೈದು ವರ್ಷ ಆರಾಮಾಗಿ ಇರುತ್ತದೆ. ಇನ್ನೊಂದು ಉಪಾಯ ಮೊಟ್ಟೆ. ಫ್ರಾನ್ಸಿನ ಈ ಭಾಗದಲ್ಲಿ 225 ಲೀಟರಿನ ಓಕ್ ಪೀಪಾಯಿಗೆ ಮೂರರಿಂದ ಆರು ಮೊಟ್ಟೆಯ ಬಿಳಿ ಲೋಳೆ ಕಲಸಿ ಹಾಕುವ ಪದ್ಧತಿ ಹಳೆಯದು. ಲೋಳೆಯ ಪ್ರೋಟೀನು ಒರಟು ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಮಜ್ಜಿಗೆಯಲ್ಲಿ ಬಾಳೆ ಹೂವು ನೆನೆಸಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ, ಅಲ್ವಾ?

ಆದರೆ ಅಂಗಡಿಯವರು ಹದಿನೈದು ವರ್ಷ ಕಾಯುವುದಿಲ್ಲ. ಇಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಆಲಾಂ ಬ್ರೂಮೋಂ 1980ರಲ್ಲಿ ಶಾಟೋ ಮೋಂಟ್ಯೂಸ್ ಎಂಬ ತೋಟ ಕೊಂಡುಕೊಂಡರು. 1985ರ ಬೆಳೆಯಿಂದ ಬರೀ ತನಾ ಬಳಸಿ, ಹೊಸ ಓಕ್ ಪೀಪಾಯಿಯಲ್ಲಿಟ್ಟು ಮಾಡಿದ ಅವರ ವೈನ್, ಹಳ್ಳಿಗಾಡಿನ ಒರಟು ಮದ್ಯ ಅನ್ನಿಸಿಕೊಂಡಿದ್ದ ಮದಿರಾನ್‌ಗೆ ದೊಡ್ಡ ಹೋಟೆಲುಗಳ ಬಾಗಿಲು ತೆರೆಯಿತು. ಇನ್ನೊಬ್ಬರು ಪಾತ್ರಿಕ್ ದ್ಯುಕೂರ್ನೋ. 1990ರ ದಶಕದ ಮೊದಲಲ್ಲಿ ಅವರು ಒಂದು ವಿಚಿತ್ರ ಕೆಲಸ ಮಾಡಿದರು. ವೈನಿನ ತೊಟ್ಟಿಯ ತಳದಿಂದ ಆಮ್ಲಜನಕವನ್ನು ಕಣ್ಣಿಗೂ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ, ತಿಂಗಳುಗಟ್ಟಲೆ, ಅಳೆದು ತೂಗಿ ಬಿಟ್ಟರು. ಪೀಪಾಯಿಯ ಮರದ ಮೂಲಕ ನಿಧಾನವಾಗಿ ನುಸುಳುವ ಗಾಳಿ ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಿದ ಹಾಗೆ. ಟ್ಯಾನಿನ್ ಬೇಗ ಸರಪಳಿ ಕಟ್ಟಿತು, ಎಳೆಯ ವೈನೇ ಮೆದುವಾಯಿತು. ಮೈಕ್ರೋ ಆಕ್ಸಿಜನೇಷನ್ ಎಂಬ ಈ ತಂತ್ರಕ್ಕೆ 1996ರಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪಿಗೆ ಕೊಟ್ಟಿತು. ಈಗ ಅದು ಜಗತ್ತಿನ ಹತ್ತಾರು ದೇಶಗಳಲ್ಲಿದೆ. ಆ ಗುಳ್ಳೆ ಹುಟ್ಟಿದ್ದು ತನಾದ ಒಗರಿಗೆ ಹೆದರಿ.

ನಮ್ಮ ಮನೆಯ ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದ ಅರ್ಧ ಬಾಟಲಿಗೂ ಗಾಳಿ ತಾಗಿತ್ತಲ್ಲ? ಮಾರನೇ ದಿನ ಮೆತ್ತಗಾಗಿದ್ದರಲ್ಲಿ ಅದರ ಪಾಲೂ ಇದೆ. ಮಟನ್ ಕೊಬ್ಬಿನ ಪಾಲು ಅದಕ್ಕಿಂತ ಜಾಸ್ತಿ.

ಈಗ ಕುಡಿಯುವ ವಿಚಾರ. ಎಲ್ಲಕ್ಕಿಂತ ಮೊದಲು ತಾಪಮಾನ. ಕೆಂಪು ವೈನನ್ನು ‘ಕೋಣೆಯ ಉಷ್ಣತೆ’ಯಲ್ಲಿ ಕುಡಿಯಬೇಕು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಆ ಮಾತು ಹುಟ್ಟಿದಾಗ ಯುರೋಪಿನ ಕಲ್ಲಿನ ಮನೆಗಳಲ್ಲಿ ಕೋಣೆ ಅಂದರೆ 16ರಿಂದ 18 ಡಿಗ್ರಿ. ನಮ್ಮ ಕೋಣೆ ಬೇಸಗೆಯಲ್ಲಿ 30 ಡಿಗ್ರಿ. ಅಷ್ಟು ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಹಣ್ಣಿನ ವಾಸನೆ ಮುಳುಗಿ ಹೋಗುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಇಟ್ಟು ತೆಗೆಯಿರಿ. ತೀರಾ ತಣ್ಣಗೆ ಮಾಡಬೇಡಿ, ತಣ್ಣಗಾದಷ್ಟೂ ಒಗರು ಒರಟಾಗುತ್ತದೆ.

ಎರಡನೆಯದು ಗಾಳಿ. ಎಳೆ ಮದಿರಾನ್ ಆದರೆ ಊಟಕ್ಕೆ ಎರಡು ಗಂಟೆ ಮುಂಚೆ ಅಗಲ ಬಾಯಿಯ ಜಗ್ಗಿಗೆ ಬಗ್ಗಿಸಿ ಇಡಿ. ಬರೀ ಕಾರ್ಕ್ ತೆಗೆದಿಟ್ಟರೆ ಪ್ರಯೋಜನವಿಲ್ಲ. ಬಾಟಲಿಯ ಕುತ್ತಿಗೆ ಒಂದು ರೂಪಾಯಿ ನಾಣ್ಯದಷ್ಟು, ಅಲ್ಲಿಂದ ಗಾಳಿ ಎಷ್ಟು ಹೋದೀತು? ದುಬಾರಿ ಗಾಜಿನ ಡಿಕ್ಯಾಂಟರ್ ಬೇಕಿಲ್ಲ. ಸ್ವಚ್ಛವಾದ, ವಾಸನೆಯಿಲ್ಲದ ಗಾಜಿನ ಜಗ್ ಸಾಕು. ನಾನು ನಿಂಬೆ ಪಾನಕದ ಜಗ್ಗಿನಲ್ಲೇ ಮಾಡುತ್ತೇನೆ.

ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ, ಬಿಳಿ ಕಾಗದದ ಮೇಲೆ ವಾಲಿಸಿ ನೋಡಿ. ಎಳೆಯ ತನಾ ನಡುವೆ ಹೆಚ್ಚುಕಮ್ಮಿ ಕಪ್ಪು, ಅಂಚಿನಲ್ಲಿ ನೇರಳೆ. ವಯಸ್ಸಾದಂತೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಂಚು ನೋಡಿ ವಯಸ್ಸು ಹೇಳುವುದು ಕಷ್ಟದ ವಿದ್ಯೆಯೇನಲ್ಲ.

ವಾಸನೆಯ ವಿಚಾರಕ್ಕೆ ಬಂದರೆ ನಮಗೆ ಒಂದು ತೊಡಕಿದೆ. ವೈನ್ ಬರಹಗಾರರು ಬ್ಲ್ಯಾಕ್‌ಬೆರಿ, ಬ್ಲ್ಯಾಕ್‌ಕರಂಟ್ ಅನ್ನುತ್ತಾರೆ. ನಾನು ಆ ಹಣ್ಣುಗಳನ್ನು ಗಿಡದಿಂದ ಕಿತ್ತು ತಿಂದವನಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಸುಮ್ನೆ ತಲೆಯಾಡಿಸಬೇಡಿ. ನೇರಳೆ ಹಣ್ಣನ್ನು ನೆನೆಸಿಕೊಳ್ಳಿ. ಚೆನ್ನಾಗಿ ಮಾಗಿದ ಜಂಬು ನೇರಳೆಯಲ್ಲಿ ಸಿಹಿ, ಹುಳಿ, ಒಗರು ಮೂರೂ ಇವೆ, ನಾಲಿಗೆಯೂ ಬಣ್ಣವಾಗುತ್ತದೆ. ತನಾಕ್ಕೆ ಇದಕ್ಕಿಂತ ಹತ್ತಿರದ ನೆಂಟ ನಮ್ಮ ಸಂತೆಯಲ್ಲಿಲ್ಲ. ಅದರ ಜೊತೆ ಜೇಷ್ಠಮಧುವಿನ ವಾಸನೆ, ಒಣ ತಂಬಾಕು, ಓಕ್ ಪೀಪಾಯಿಯಿಂದ ಬಂದ ಲವಂಗ, ವೆನಿಲ್ಲಾ, ಹೊಗೆ. ಹಳೆಯ ಬಾಟಲಿಯಾದರೆ ಚರ್ಮದ ಚಪ್ಪಲಿ ಅಂಗಡಿಯ ವಾಸನೆಯೂ ಇರುತ್ತದೆ. ಇದನ್ನು ಹೊಗಳಿಕೆ ಅಂತಲೇ ತೆಗೆದುಕೊಳ್ಳಬೇಕು.

ಇನ್ನು ಬಾಯಿ. ಸಣ್ಣ ಗುಟುಕು ತೆಗೆದುಕೊಂಡು ನಾಲ್ಕೈದು ಕ್ಷಣ ಬಾಯೊಳಗೆ ಆಡಿಸಿ. ಮೊದಲು ಹಣ್ಣು ಬರುತ್ತದೆ, ಆಮೇಲೆ ಹುಳಿ, ಕೊನೆಗೆ ಒಗರು. ತುಂಬಾ ಜನ ಹುಳಿಯನ್ನೂ ಒಗರನ್ನೂ ಬೆರೆಸಿಬಿಡುತ್ತಾರೆ. ನುಂಗಿದ ಮೇಲೆ ಗಮನಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿಯ ಕೆಲಸ, ಒಣಗಿದರೆ ಒಗರಿನದು. ಮದಿರಾನ್‌ನಲ್ಲಿ ಎರಡೂ ಒಟ್ಟಿಗೇ ಆಗುತ್ತದೆ, ನಾಲಿಗೆಯ ಪಕ್ಕದಲ್ಲಿ ನೀರು, ವಸಡಿನ ಮೇಲೆ ಬರ. ಒಗರು ಎಷ್ಟಿದೆ ಅನ್ನುವುದಕ್ಕಿಂತ ಅದರ ನೇಯ್ಗೆ ಹೇಗಿದೆ ಅಂತ ನೋಡಿ. ಗೋಣಿಚೀಲದ ಹಾಗಿದೆಯೋ, ಖಾದಿಯ ಹಾಗಿದೆಯೋ, ರೇಷ್ಮೆಯ ಹಾಗಿದೆಯೋ? ಬಲಿಯದ ಬೀಜದ ಒಗರು ಕಹಿ ಬೆರೆತು ಗೋಣಿಯ ಹಾಗೆ ಕೆರೆಯುತ್ತದೆ. ಚೆನ್ನಾಗಿ ಮಾಗಿದ ಸಿಪ್ಪೆಯ ಒಗರು ಜಾಸ್ತಿ ಇದ್ದರೂ ಕೆರೆಯುವುದಿಲ್ಲ. ಒಳ್ಳೆ ಮದಿರಾನ್‌ಗೂ ಸಾಧಾರಣ ಮದಿರಾನ್‌ಗೂ ಇರುವ ವ್ಯತ್ಯಾಸ ಇಲ್ಲೇ ಗೊತ್ತಾಗುವುದು.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಬರೀ ವೈನ್ ಎರಡು ಗುಟುಕು ಕುಡಿಯಿರಿ. ಆಮೇಲೆ ಉಪ್ಪು ಬೆಣ್ಣೆ ಸವರಿದ ಬ್ರೆಡ್ಡಿನ ಚೂರು ತಿಂದು ಮತ್ತೊಂದು ಗುಟುಕು. ಅದಾದ ಮೇಲೆ ಒಂದು ಚೂರು ಬೆಲ್ಲ ತಿಂದು ಇನ್ನೊಂದು ಗುಟುಕು. ಬೆಣ್ಣೆಯ ನಂತರ ವೈನ್ ನುಣುಪಾಗುತ್ತದೆ, ಹಣ್ಣು ಮುಂದೆ ಬರುತ್ತದೆ. ಬೆಲ್ಲದ ನಂತರ ಅದೇ ವೈನ್ ಹುಳಿ ಹುಳಿಯಾಗಿ, ಕಹಿಯಾಗಿ, ತೆಳ್ಳಗಾಗುತ್ತದೆ. ಹತ್ತು ನಿಮಿಷದ ಕೆಲಸ. ಊಟಕ್ಕೆ ವೈನ್ ಹೊಂದಿಸುವ ವಿದ್ಯೆಯ ದೊಡ್ಡ ಭಾಗ ಅಷ್ಟರಲ್ಲೇ ಮುಗಿಯಿತು.

ಆಮೇಲೆ ಒಮ್ಮೆ ನಾನೇ ಟುಲೂಸ್‌ಗೆ ಹೋಗಿದ್ದೆ. ಅಲ್ಲಿನ ವಿಕ್ಟರ್ ಹ್ಯೂಗೋ ಮಾರುಕಟ್ಟೆಯಲ್ಲಿ ಕೆಳಗೆ ಮಾಂಸ, ಚೀಸ್, ತರಕಾರಿ ಅಂಗಡಿಗಳು. ಮಹಡಿಯಲ್ಲಿ ಮಧ್ಯಾಹ್ನದ ಊಟದ ಚಿಕ್ಕ ಚಿಕ್ಕ ಹೋಟೆಲುಗಳು. ಗದ್ದಲ ನಮ್ಮ ದರ್ಶಿನಿಗಳಷ್ಟೇ. ನನ್ನ ಮುಂದೆ ಬಾತುಕೋಳಿಯ ಒಂದು ಕಾಲು ಬಂತು. ಅದರ ಹೆಸರು ಕೋಂಫಿ. ಕಾಲಿಗೆ ಕಲ್ಲುಪ್ಪು ಸವರಿ ಒಂದು ರಾತ್ರಿ ಇಡುತ್ತಾರೆ. ಆಮೇಲೆ ಬಾತಿನ ಕೊಬ್ಬಿನಲ್ಲೇ ಮುಳುಗಿಸಿ, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅದೇ ಕೊಬ್ಬು ಮೇಲೆ ಹೆಪ್ಪುಗಟ್ಟಿ ಗಾಳಿ ತಡೆಯುತ್ತದೆ, ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತ ಹಾಗೆ. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲ ದಾಟಿಸಲು ಮಾಡಿಕೊಂಡ ಉಪಾಯ. ತಿನ್ನುವ ಹೊತ್ತಿಗೆ ಬಾಣಲೆಯಲ್ಲಿ ಚರ್ಮದ ಕಡೆಯಿಂದ ಹುರಿಯುತ್ತಾರೆ.

ಚಾಕು ತಾಗಿದ ಕೂಡಲೇ ಚರ್ಮ ಹಪ್ಪಳದ ಹಾಗೆ ಚಟ್ ಅಂದಿತು. ಕೆಳಗಿನ ಮಾಂಸ ಫೋರ್ಕಿಗೇ ಎಳೆಎಳೆಯಾಗಿ ಬಿಟ್ಟುಕೊಂಡಿತು. ಉಪ್ಪು, ಕೊಬ್ಬು, ಮತ್ತೆ ಉಪ್ಪು. ಮೂರು ತುತ್ತಿಗೆ ತುಟಿಯೆಲ್ಲಾ ಜಿಡ್ಡು, ಇನ್ನು ಆಗಲ್ಲ ಅನ್ನುವಂತಾಯಿತು. ಆಗ ಮದಿರಾನ್. ಒಂದೇ ಗುಟುಕಿಗೆ ಬಾಯಿ ತೊಳೆದಿಟ್ಟ ಹಾಗಾಯಿತು, ನಾಲ್ಕನೇ ತುತ್ತು ಮತ್ತೆ ಮೊದಲನೆಯದಾಯಿತು. ಬೆಂಗಳೂರಿನ ಆ ಸಂಜೆ ನಾವು ಬೈದ ಒಗರು ಇಲ್ಲಿ ಕೆಲಸಗಾರ. ಈ ಊಟ ಇಲ್ಲದೆ ಆ ವೈನ್ ಅರ್ಧ, ಆ ವೈನ್ ಇಲ್ಲದೆ ಈ ಊಟ ಭಾರ.

ಆ ಸೀಮೆಯ ಉಳಿದ ಅಡುಗೆಗಳಲ್ಲೂ ಇದೇ ಲೆಕ್ಕ. ಕಾಸುಲೇ ಅಂದರೆ ಬಿಳಿ ಬೀನ್ಸ್ ಕಾಳು, ಬಾತಿನ ಕೋಂಫಿ, ಹಂದಿಮಾಂಸ, ಸಾಸೇಜ್ ಎಲ್ಲವನ್ನೂ ಮಣ್ಣಿನ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸಿದ್ದು. ಪಾತ್ರೆಯ ಹೆಸರು ಕಾಸೋಲ್, ಅಡುಗೆಗೆ ಹೆಸರು ಬಂದದ್ದು ಅದರಿಂದಲೇ. ಕಾಸ್ಟೆಲ್‌ನೋಡಾರಿ, ಕಾರ್ಕಸೋನ್, ಟುಲೂಸ್ ಮೂರೂ ಊರಿನವರು ನಮ್ಮದೇ ಅಸಲಿ ಅನ್ನುತ್ತಾರೆ. ಬಿಸಿಬೇಳೆಬಾತಿನ ಜಗಳ ಬೇರೆ ಕಡೆಯೂ ಇದೆ ಅಂತ ನೋಡಿ ಸಮಾಧಾನವಾಯಿತು. ಚೀಸ್ ಬೇಕಿದ್ದರೆ ಪಿರನೀಸ್‌ನ ಕುರಿ ಹಾಲಿನ ಒಸ್ಸೋ ಇರಾಟಿ. ಗಟ್ಟಿ, ಉಪ್ಪು, ಜಿಡ್ಡು, ಮೂರೂ ಇರುವ ಚೀಸ್. ಆದರೆ ಅಲ್ಲಿನ ಇನ್ನೊಂದು ಹೆಸರಾಂತ ತಿನಿಸಾದ ಫುವಾ ಗ್ರಾಗೆ, ಅಂದರೆ ಕೊಬ್ಬಿದ ಬಾತಿನ ಯಕೃತ್ತಿಗೆ, ಸ್ಥಳೀಯರಲ್ಲಿ ತುಂಬಾ ಜನ ಅದೇ ತೋಟಗಳ ಸಿಹಿ ಬಿಳಿ ವೈನ್ ಪಾಶೆರೆಂಕ್ ಕುಡಿಯುತ್ತಾರೆ.

ಯಾವುದರ ಜೊತೆ ಬೇಡ? ಮೀನು. ಅದರಲ್ಲೂ ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನು. ಜಿಡ್ಡು ಇದೆಯಲ್ಲ ಅನ್ನಬಹುದು. ಆದರೆ ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿದರೆ ಹಳಸಿದ ಮೀನಿನ ನಾತ ಹುಟ್ಟುತ್ತದೆ. ಜಪಾನಿನ ವೈನ್ ಕಂಪನಿಯೊಂದರ ಸಂಶೋಧಕರು 2009ರಲ್ಲಿ ಇದನ್ನು ತೋರಿಸಿದರು. ಸಿಹಿಯೂ ಬೇಡ, ಬೆಲ್ಲದ ಪರೀಕ್ಷೆಯಲ್ಲಿ ನೋಡಿದಿರಲ್ಲ. ಅಣಬೆ, ಟೊಮೇಟೊ ಸಾಸಿನಂಥ, ಉಮಾಮಿ (ಮಾಂಸದ ಸಾರಿನಂಥ ರುಚಿ) ಜಾಸ್ತಿ ಇರುವ ತಿನಿಸಿಗೆ ಉಪ್ಪು ಕಮ್ಮಿಯಾದರೆ ವೈನ್ ಕಹಿಯಾಗುತ್ತದೆ. ಉಪ್ಪು ಸರಿಯಿದ್ದರೆ ಪರವಾಗಿಲ್ಲ.

ಖಾರದ್ದೇ ದೊಡ್ಡ ಪ್ರಶ್ನೆ. ನಮ್ಮ ಬಾಯಲ್ಲಿ ಬಿಸಿ ಮುಟ್ಟಿದಾಗ ಎಚ್ಚರಿಸುವ ಒಂದು ಗ್ರಾಹಿ ಇದೆ. ಮಾಮೂಲಾಗಿ ಅದು ಸುಮಾರು 42 ಡಿಗ್ರಿ ದಾಟಿದರೆ ಉರಿ ಅಂತ ಕೂಗುತ್ತದೆ. ಮೆಣಸಿನಕಾಯಿಯ ಖಾರದ ವಸ್ತು ಅದೇ ಗ್ರಾಹಿಯನ್ನು ಒತ್ತುತ್ತದೆ, ಅದಕ್ಕೇ ತಣ್ಣಗಿನ ಮೆಣಸಿನಕಾಯಿಯೂ ಸುಡುತ್ತದೆ. ಆಲ್ಕೋಹಾಲ್ ಬಂದರೆ ಆ ಗಡಿ 34 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮೈಯ ಬಿಸಿಯೇ 37. ಮದಿರಾನ್‌ನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ 13ರಿಂದ 15. ಖಾರ ಒಂದು ಕಡೆ, ಆಲ್ಕೋಹಾಲ್ ಇನ್ನೊಂದು ಕಡೆ, ಜೊಲ್ಲನ್ನು ಹೀರುವ ಒಗರು ಮಧ್ಯೆ. ಕಾಂಗ್ರೆಸ್ ಕಡ್ಲೆಕಾಯಿ ತಿಂದು ನಮ್ಮ ಗಂಟಲು ಉರಿದಿದ್ದು ಹೀಗೆ.

ಹಾಗಂತ ನಮ್ಮ ಊಟಕ್ಕೆ ಇದು ಆಗುವುದೇ ಇಲ್ಲ ಅಂತಲ್ಲ. ಕೊಡಗಿನ ಪಂದಿಕರಿಯ ಜೊತೆ ನಾನು ಎರಡು ಸಲ ಕುಡಿದಿದ್ದೇನೆ. ಹಸಿಮೆಣಸು ಕಮ್ಮಿ ಮಾಡಿ, ಕರಿಮೆಣಸು ಉಳಿಸಿಕೊಂಡು, ಕೊಬ್ಬಿನ ತುಂಡುಗಳನ್ನು ಬಿಡದೆ ಮಾಡಿದ್ದು. ಕಪ್ಪಗೆ ಹುರಿದ ಮಸಾಲೆಗೂ ಓಕ್ ಪೀಪಾಯಿಯ ಹೊಗೆಗೂ ಚೆನ್ನಾಗಿ ಹೊಂದುತ್ತದೆ. ಕಾಚಂಪುಳಿಯ ಹುಳಿ ಮಾತ್ರ ಜೋರಾದರೆ ವೈನ್ ಸಪ್ಪೆಯಾಗುತ್ತದೆ. ಕುರಿಯ ಕಾಲು, ಬೆಂಕಿಯಲ್ಲಿ ಸುಟ್ಟ ಕಬಾಬ್ ಕೂಡ ಆಗುತ್ತದೆ, ಕೆಂಪು ಬಣ್ಣದ ಖಾರದ ಲೇಪ ಇರಬಾರದು. ಕೋಳಿ ಸಾರಿಗೆ ಬೇಡ, ಪಾಪ, ಕೋಳಿಯ ರುಚಿ ಮುಳುಗಿಹೋಗುತ್ತದೆ.

ಮಾಂಸ ತಿನ್ನದವರು ಕೇಳಿದರೆ ನಾನು ಹೇಳುವುದು ಎರಡೇ. ಹಳೆಯ ಗಟ್ಟಿ ಚೀಸ್ ಒಂದು. ಇನ್ನೊಂದು, ರಾಜ್ಮಾ ಅಥವಾ ಅವರೆಯ ಒಣಕಾಳನ್ನು ಬೆಣ್ಣೆ, ಬೆಳ್ಳುಳ್ಳಿ ಹಾಕಿ ಮೆತ್ತಗೆ ಬೇಯಿಸಿ, ಮೇಲೆ ಇನ್ನಷ್ಟು ಬೆಣ್ಣೆ ಹಾಕಿದ್ದು. ಕಾಸುಲೇಯಲ್ಲೂ ಅರ್ಧ ಕೆಲಸ ಕಾಳಿನದ್ದೇ. ಸಾರು, ಹುಳಿ, ಗೊಜ್ಜಿನ ಊಟಕ್ಕೆ ಈ ವೈನ್ ತರಲೇಬೇಡಿ. ಅದಕ್ಕೆ ಮಜ್ಜಿಗೆ ಇದೆ.

ಆರೋಗ್ಯದ ಮಾತೂ ಒಂದಿದೆ. 2006ರಲ್ಲಿ ರೋಜರ್ ಕಾರ್ಡರ್ ಎಂಬ ಲಂಡನ್ನಿನ ವಿಜ್ಞಾನಿ ಮತ್ತು ಅವರ ಜೊತೆಗಾರರು ನೈಋತ್ಯ ಫ್ರಾನ್ಸಿನ ವೈನಿನಲ್ಲಿ ಪ್ರೋಸಯನಿಡಿನ್ ಎಂಬ ಟ್ಯಾನಿನ್ ಜಾತಿಯ ಅಂಶ ಹೆಚ್ಚಿದೆ, ಅದು ರಕ್ತನಾಳಕ್ಕೆ ಒಳ್ಳೆಯದಿರಬಹುದು ಅಂತ ಬರೆದರು. ಮದಿರಾನ್ ಮಾರುವವರು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ ಅಂತ ಹೇಳಿತು. ರುಚಿಗೆ ಕುಡಿಯುವುದಾದರೆ ಕುಡಿಯಿರಿ, ಔಷಧಿ ಅಂತ ಕುಡಿಯಬೇಡಿ.

ಹಳೆಯ ಬಾಟಲಿಯಾದರೆ ತಳದಲ್ಲಿ ಮಡ್ಡಿ ಇರುತ್ತದೆ. ಅದು ಕೆಟ್ಟಿದ್ದಲ್ಲ, ಸರಪಳಿ ಕಟ್ಟಿ ಕೂತ ಟ್ಯಾನಿನ್ ಮತ್ತು ಬಣ್ಣ. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಬಗ್ಗಿಸಿ, ಕೊನೆಯ ಎರಡು ಬೆರಳಿನಷ್ಟು ಬಿಟ್ಟುಬಿಡಿ.

ಲೋಟದಲ್ಲಿ ಉಳಿದ ಕೊನೆಯ ವೈನಿಗೆ ಗ್ಯಾಸ್ಕನಿಯವರು ಬೇರೆ ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಹಳ್ಳಿಗಳಲ್ಲಿ ಗಾರ್ಬ್ಯೂರ್ ಅಂತ ಒಂದು ಸೂಪು. ಎಲೆಕೋಸು, ಬೀನ್ಸ್ ಕಾಳು, ಬಾತಿನ ಕಾಲು ಹಾಕಿ ಕುದಿಸಿದ್ದು. ಕಾಳು ತರಕಾರಿ ತಿಂದು ಮುಗಿದ ಮೇಲೆ ಬಟ್ಟಲಿನ ತಳದಲ್ಲಿ ಬಿಸಿ ಸಾರು ಉಳಿಯುತ್ತದೆ, ಮೇಲೆ ಬಾತಿನ ಕೊಬ್ಬಿನ ಕಣ್ಣುಗಳು ತೇಲುತ್ತಿರುತ್ತವೆ. ಹಳಬರು ಅದಕ್ಕೆ ಲೋಟದ ಕೆಂಪು ವೈನ್ ಸುರಿದು, ಒಮ್ಮೆ ತಿರುಗಿಸಿ, ಚಮಚ ಪಕ್ಕಕ್ಕಿಟ್ಟು, ಬಟ್ಟಲನ್ನೇ ಎರಡೂ ಕೈಯಲ್ಲಿ ಎತ್ತಿ ಕುಡಿಯುತ್ತಾರೆ. ಇದಕ್ಕೆ ಶಾಬ್ರೋ ಅನ್ನುತ್ತಾರೆ. ಟುಲೂಸ್‌ನ ಆ ಮಹಡಿಯಲ್ಲಿ ನನ್ನ ಪಕ್ಕದ ಮೇಜಿನ ಅಜ್ಜ ಹೀಗೆ ಕುಡಿದು, ಮೀಸೆ ಒರೆಸಿಕೊಂಡು, ನನ್ನ ಬಟ್ಟಲಿನ ಕಡೆ ಕಣ್ಣು ಮಾಡಿದ. ನಾನೂ ಎತ್ತಿದೆ.